ಇಪ್ಪತ್ತು ದಾಟಿದ ಸ್ಪೋರ್ಟ್ಸ್ ಕಾರಿಗೆ ಯಾವ ಸ್ಪ್ರಿಂಗ್, ಯಾವ ಶಾಕ್ ಅಬ್ಸಾರ್ಬರ್?

ಪ್ರಶ್ನೆ: ನನ್ನದು 2001ರ ಮರ್ಸಿಡಿಸ್ ಎಸ್‌ಎಲ್‌ಕೆ. ಪುಣೆಯ ಕೋಥರೂಡ್‌ನಲ್ಲಿ ಮನೆ. ಭಾನುವಾರ ಮಾತ್ರ ಕಾರು ತೆಗೆದು ತಾಮ್ಹಿಣಿ ಘಾಟಿಗೋ ಲೋಣಾವಳಕ್ಕೋ ಹೋಗುತ್ತೇನೆ. ರಸ್ತೆ ಉಬ್ಬು ದಾಟಿದ ಮೇಲೆ ಎರಡು ಮೂರು ಸಲ ಕುಣಿಯುತ್ತದೆ. ಮುಂದಿನ ಎಡಭಾಗ ಕೊಂಚ ಕುಸಿದಂತಿದೆ. ಗ್ಯಾರೇಜಿನವರು, ಕಾರನ್ನು ತಗ್ಗಿಸುವ ಗಟ್ಟಿ ಸ್ಪ್ರಿಂಗ್ ಹಾಕಿಸಿ, ಹಳೆಯ ಶಾಕ್ ಅಬ್ಸಾರ್ಬರೇ ಸಾಕು ಎನ್ನುತ್ತಾರೆ. ಹಾಕಿಸಲೇ?

ಉತ್ತರ: ಬೇಡ. ಸತ್ತದ್ದನ್ನು ಉಳಿಸಿಕೊಂಡು ಬದುಕಿರುವುದನ್ನು ಕಿತ್ತುಹಾಕಿ ಎನ್ನುವ ಸಲಹೆ ಅದು.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಒಳಗಿನ ಎಣ್ಣೆ ಸಣ್ಣ ಕವಾಟಗಳಲ್ಲಿ ನುಗ್ಗುವಾಗ ಆ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ವರ್ಷಗಳು ಉರುಳಿದಂತೆ ಸೀಲು, ಕವಾಟಗಳು ಸವೆಯುತ್ತವೆ, ಒಳಗಿನ ಅನಿಲ ಸೋರುತ್ತದೆ. ನೀವು ಹೇಳಿದ ಕುಣಿತ ಇದೇ. ಉಕ್ಕಿನ ಸ್ಪ್ರಿಂಗ್ ಹಾಗಲ್ಲ, ಅದರ ಬಿಗಿ ವಯಸ್ಸಿನಿಂದ ಹೆಚ್ಚೇನೂ ಇಳಿಯುವುದಿಲ್ಲ. ಸ್ವಲ್ಪ ಕುಸಿಯುತ್ತದೆ, ಇಲ್ಲವೇ ಬಣ್ಣ ಎದ್ದ ಕಡೆ ತುಕ್ಕು ಹಿಡಿದು ತುಂಡಾಗುತ್ತದೆ. ಮುರಿಯುವುದು ಹೆಚ್ಚಾಗಿ ಕೊನೆಯ ಸುತ್ತಿನಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ. ಹಾಗಾಗಿ ಎಡ ಮುಂದಿನ ಸ್ಪ್ರಿಂಗಿನ ತುದಿಯನ್ನು ಮೊದಲು ನೋಡಿಸಿ. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿಯೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇನ್ನು ಗಟ್ಟಿ ಸ್ಪ್ರಿಂಗಿನ ವಿಚಾರ. ಒಂದು ಚಕ್ರದ ಪಾಲಿಗೆ 300 ಕೆ.ಜಿ. ಭಾರ, ಚಕ್ರದ ಬಳಿ ಅಳೆದ ಬಿಗಿ ಮಿಲಿಮೀಟರಿಗೆ 25 ನ್ಯೂಟನ್ ಎಂದಿಟ್ಟುಕೊಳ್ಳಿ. ತಡೆಯೇ ಇಲ್ಲದಿದ್ದರೆ ಕಾರು ಸೆಕೆಂಡಿಗೆ ಸುಮಾರು 1.45 ಸಲ ಕುಣಿಯುತ್ತದೆ. ಬಿಗಿಯನ್ನು ಒಂದೂವರೆ ಪಟ್ಟು ಮಾಡಿದರೆ ಅದು 1.8ರ ಹತ್ತಿರಕ್ಕೆ ಏರುತ್ತದೆ, ಕುಣಿತ ಮೊದಲಿನಷ್ಟೇ ಹತೋಟಿಯಲ್ಲಿರಬೇಕೆಂದರೆ ಶಾಕ್ ಅಬ್ಸಾರ್ಬರಿನ ತಡೆ ಶೇ 22ರಷ್ಟು ಹೆಚ್ಚಬೇಕು. ನಿಮ್ಮದರಲ್ಲಿ ಇದ್ದ ತಡೆಯೇ ಉಳಿದಿಲ್ಲ! ಇನ್ನೊಂದು ಕಾರಿಗೆ ಯಾರೋ ಹಾಕಿಸಿದ ಸ್ಪ್ರಿಂಗಿನ ಸಂಖ್ಯೆ ಹಿಡಿದುಕೊಂಡು ಬರುವುದೂ ವ್ಯರ್ಥ. ಸ್ಪ್ರಿಂಗ್ ಚಕ್ರಕ್ಕಿಂತ ಒಳಗೆ, ಚಕ್ರವನ್ನು ಕಾರಿಗೆ ಜೋಡಿಸುವ ತೋಳಿನ ನಡುವೆಲ್ಲೋ ಕೂರುತ್ತದೆ. ಚಕ್ರ 10 ಮಿ.ಮೀ. ಏರಿದಾಗ ಸ್ಪ್ರಿಂಗ್ 7 ಮಿ.ಮೀ. ಮಾತ್ರ ಕುಗ್ಗುವುದಾದರೆ, ಚಕ್ರಕ್ಕೆ ತಾಗುವ ಬಿಗಿ ಅರ್ಧಕ್ಕೆ ಇಳಿದಿರುತ್ತದೆ.

ತಗ್ಗಿಸುವುದಂತೂ ಪುಣೆಯಲ್ಲಿ ನನಗೆ ಒಪ್ಪಿಗೆಯಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಉಬ್ಬು 10 ಸೆಂ.ಮೀ. ಎತ್ತರ, ಕಾರು ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ. ಸೊಸೈಟಿಗಳ ಮುಂದೆ ರಾತ್ರೋರಾತ್ರಿ ಏಳುವ ಉಬ್ಬುಗಳು ಯಾವ ಪುಸ್ತಕವನ್ನೂ ಓದಿರುವುದಿಲ್ಲ. 30 ಮಿ.ಮೀ. ತಗ್ಗಿಸಿದರೆ ತಳ ಉಜ್ಜುವುದಷ್ಟೇ ಅಲ್ಲ, ಚಕ್ರ ಮೇಲೇರಲು ಇರುವ ಜಾಗವೂ ಅಷ್ಟು ಕರಗುತ್ತದೆ. ಮಳೆಗಾಲದ ಗುಂಡಿಗೆ ಇಳಿದಾಗ ಹೊಡೆತ ನೇರವಾಗಿ ಚಕ್ರದ ಏರಿಕೆಯನ್ನು ಕೊನೆಯಲ್ಲಿ ತಡೆಯುವ ಮೆತ್ತೆಯಾದ ಬಂಪ್ ಸ್ಟಾಪಿಗೆ, ಅಲ್ಲಿಂದ ನಿಮ್ಮ ಸೊಂಟಕ್ಕೆ.

ಹಾಗಾದರೆ ಕೊಳ್ಳುವುದೇನು? ನಾಲ್ಕೂ ಶಾಕ್ ಅಬ್ಸಾರ್ಬರುಗಳನ್ನು ಹೊಸದಾಗಿ ಕೊಳ್ಳಿ. ಬಿಲ್‌ಸ್ಟೈನ್ ಕಂಪನಿಯದರಲ್ಲಿ ಬಿ4 ಎಂಬುದು ಕಾರಿನ ಜೊತೆ ಬಂದ ಮೂಲದ್ದಕ್ಕೆ ಸಮ. ಬಿ6 ಅದೇ ಉದ್ದ, ಹೆಚ್ಚು ಬಿಗಿ. ಬಿ8 ತಗ್ಗಿಸಿದ ಕಾರಿಗೆಂದು ಗಿಡ್ಡ ಮಾಡಿದ್ದು, ಅದನ್ನು ಮುಟ್ಟಬೇಡಿ. ಘಾಟಿಯ ತಿರುವುಗಳೇ ನಿಮ್ಮ ಭಾನುವಾರವೆಂದರೆ ಬಿ6 ಆಸೆ ಸಹಜ, ಆದರೆ ಘಾಟಿ ತಲುಪುವ ಮುನ್ನ ಊರು ದಾಟಬೇಕಲ್ಲ. ನಾನಾದರೆ ಬಿ4 ಅಥವಾ ಸ್ಯಾಕ್ಸ್ ಕಂಪನಿಯದನ್ನು ತೆಗೆದುಕೊಳ್ಳುತ್ತೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಾಹನದ ಬಿಡಿಭಾಗಗಳಿಗಾಗಿ ಅಲೆದು ರೂಢಿಯಾದ ನಮ್ಮವರಿಗೆ ಇಲ್ಲಿ ನಾನಾ ಪೇಠ್, ಮುಂಬೈಗೆ ಹೋದರೆ ಕುರ್ಲಾದ ಬಿಡಿಭಾಗಗಳ ಪೇಟೆ ಕೈಬೀಸಿ ಕರೆಯುತ್ತವೆ. ಲೈಟು, ಬಾಗಿಲ ಹಿಡಿಗೆ ಹೋಗಿ ಬನ್ನಿ; ಬಳಸಿದ ಶಾಕ್ ಅಬ್ಸಾರ್ಬರ್ ಮಾತ್ರ ತರಬೇಡಿ.

ಸ್ಪ್ರಿಂಗ್ ಬದಲಿಸಲೇಬೇಕಾದರೆ ಮುಂದಿನ ಎರಡನ್ನೂ ಜೊತೆಯಾಗಿ ಬದಲಿಸಿ. ಚಾಸಿ ಸಂಖ್ಯೆ ಕೊಟ್ಟೇ ತರಿಸಿ. ಈ ಕಾಲದ ಮರ್ಸಿಡಿಸ್‌ಗಳಲ್ಲಿ ಎಂಜಿನ್, ಎ.ಸಿ. ಮುಂತಾದವುಗಳ ಭಾರಕ್ಕೆ ತಕ್ಕಂತೆ ಅಂಕ ಕೂಡಿಸಿ ಸ್ಪ್ರಿಂಗ್ ನಿರ್ಧರಿಸುತ್ತಿದ್ದರು. ಅದರ ಮೇಲೆ ಕೂರುವ ರಬ್ಬರ್ ಪ್ಯಾಡಿನ ಅಂಚಿನಲ್ಲಿ ಸಣ್ಣ ಗುಬುಟುಗಳಿರುತ್ತವೆ, ಹೆಚ್ಚು ಗುಬುಟು ಎಂದರೆ ಹೆಚ್ಚು ದಪ್ಪ. ಹಳೆಯ ಪ್ಯಾಡು ಕಳಚಿದಾಗ ಎಣಿಸಿ ಬರೆದಿಡಿ. ಎಷ್ಟೋ ಸಲ ಕುಸಿತಕ್ಕೆ ಮದ್ದು ಹೊಸ ಪ್ಯಾಡೇ ಆಗಿರುತ್ತದೆ.

ಕೆಲಸ ಯಾರು ಮಾಡುತ್ತಾರೆಂಬುದು ಮುಖ್ಯ. ಈ ಕಾರಿನ ಮುಂದಿನ ಸ್ಪ್ರಿಂಗ್ ಶಾಕ್ ಅಬ್ಸಾರ್ಬರಿನ ಸುತ್ತ ಇಲ್ಲ, ಪ್ರತ್ಯೇಕವಾಗಿ ಕೂರುತ್ತದೆ. ತೆಗೆಯಲು ಸುರುಳಿಯ ಒಳಗೆ ತೂರಿಸುವ ಕಂಪ್ರೆಸರ್ ಬೇಕು. ಹೊರಗಿನಿಂದ ಕೊಕ್ಕೆ ಹಾಕುವ ಮಾಮೂಲಿ ಸಾಧನದಿಂದ ಸುಧಾರಿಸುತ್ತೇವೆ ಎಂದರೆ ಬೇರೆ ಗ್ಯಾರೇಜು ನೋಡಿ. ಅದುಮಿದ ಸ್ಪ್ರಿಂಗ್ ಜಾರಿದರೆ ಪ್ರಾಣಾಪಾಯ. ಬಂಪ್ ಸ್ಟಾಪ್, ಧೂಳುಕವಚ, ಮೇಲಿನ ರಬ್ಬರ್‌ಗಳನ್ನೂ ಇದೇ ಕೈಯಲ್ಲಿ ಬದಲಿಸಿ. ತೋಳುಗಳ ಬೋಲ್ಟುಗಳನ್ನು ಕೊನೆಯ ಬಿಗಿ ಮಾಡುವುದು ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರವೇ. ಜಾಕ್ ಮೇಲಿರುವಾಗಲೇ ಬಿಗಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಎತ್ತರವನ್ನೂ ಸರಿಪಡಿಸಿಕೊಳ್ಳಿ. ಮುಂಭಾಗ ಏರಿದ್ದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.