ಪಿಪಿಇ ಕಿಟ್: ಕೊಯಮತ್ತೂರಿನ ಪರೀಕ್ಷೆಯಿಂದ ಕೊಡಗಿನ ಉಗ್ರಾಣದವರೆಗೆ

ಕೇರಳದಲ್ಲಿ ನಿಪಾ ಕಾಣಿಸಿಕೊಂಡ ಸುದ್ದಿ ಬಂದರೆ ಸಾಕು, ಕೊಡಗಿನಲ್ಲಿ ಎರಡು ಕೆಲಸ ಶುರುವಾಗುತ್ತವೆ. ಕುಟ್ಟ, ಮಾಕುಟ್ಟ, ಕರಿಕೆಯ ಗಡಿಗಳಲ್ಲಿ ತಪಾಸಣೆ ಬಿಗಿಯಾಗುತ್ತದೆ. ಆಸ್ಪತ್ರೆಗಳಲ್ಲಿ ಮಾಸ್ಕ್, ಗ್ಲೌಸ್, ಪಿಪಿಇ ಕಿಟ್ (ಸೋಂಕಿನಿಂದ ಸಿಬ್ಬಂದಿಯನ್ನು ಕಾಯುವ ವೈಯಕ್ತಿಕ ರಕ್ಷಣಾ ಸಾಮಗ್ರಿ) ಎಷ್ಟಿವೆ ಎಂದು ಮೇಲಿನಿಂದ ವಿಚಾರಣೆ ಬರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಕೋಝಿಕ್ಕೋಡ್‌ಗೆ ನಿಪಾ ಮತ್ತೆ ಬಂದಾಗ ರಾಜ್ಯ ಆರೋಗ್ಯ ಇಲಾಖೆ ಕೊಡಗು, ದಕ್ಷಿಣ ಕನ್ನಡ, ಚಾಮರಾಜನಗರ, ಮೈಸೂರು ಜಿಲ್ಲೆಗಳಿಗೆ ಕಟ್ಟೆಚ್ಚರದ ಸುತ್ತೋಲೆ ಹೊರಡಿಸಿತ್ತು.

ಎಷ್ಟಿವೆ ಎಂಬುದಕ್ಕೆ ಒಂದು ಸಂಖ್ಯೆ ಸಿಗುತ್ತದೆ. ಅವು ಯಾವ ಮಾನದಂಡಕ್ಕೆ ಪಾಸಾದವು, ಯಾವ ವರ್ಷ ತಯಾರಾದವು, ಮಳೆಗಾಲ ಕಳೆದ ಮೇಲೂ ಅವುಗಳ ಎಲಾಸ್ಟಿಕ್ ಗಟ್ಟಿ ಇದೆಯೇ, ಖಾಲಿಯಾದರೆ ಯಾವ ಲೆಕ್ಕ ಶೀರ್ಷಿಕೆಯ ಹಣದಲ್ಲಿ ತರಿಸಬೇಕು ಎಂದು ಕೇಳುತ್ತ ಹೋದರೆ ಮಾತ್ರ ಒಂದೊಂದು ಪ್ರಶ್ನೆಗೂ ಬೇರೆ ಬೇರೆ ಕಚೇರಿಯ ಬಾಗಿಲು ತಟ್ಟಬೇಕಾಗುತ್ತದೆ. ಪರೀಕ್ಷೆ ಮಾಡಿ ಒಪ್ಪುವವರು ಒಬ್ಬರು, ಖರೀದಿಸುವವರು ಇನ್ನೊಬ್ಬರು, ಇಟ್ಟುಕೊಳ್ಳುವವರು ಮತ್ತೊಬ್ಬರು. ಈ ಗಂಟು ಹೇಗೆ ಬಿತ್ತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮುಂಬೈಗೆ ಪ್ಲೇಗ್ ಬಂದ ಮರುವರ್ಷ, 1897ರಲ್ಲಿ, ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಜನರನ್ನು ತಡೆಯಲು, ತಪಾಸಣೆ ಮಾಡಲು, ಬೇರ್ಪಡಿಸಲು ಅಧಿಕಾರ ಕೊಟ್ಟ ಆ ಪುಟ್ಟ ಕಾಯ್ದೆ, ರೋಗಿಯ ಪಕ್ಕದಲ್ಲಿ ನಿಲ್ಲುವವರು ಏನು ತೊಡಬೇಕು, ಅದನ್ನು ಯಾರು ಒದಗಿಸಬೇಕು ಎಂಬ ಬಗ್ಗೆ ಏನೂ ಹೇಳಲಿಲ್ಲ. ಸ್ವಾತಂತ್ರ್ಯ ಬಂತು, 1956ರಲ್ಲಿ ಕೊಡಗು ಮೈಸೂರು ರಾಜ್ಯದೊಳಗೆ ಸೇರಿತು, 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಭೀತಿ ಎದ್ದಿತು, 2009ರಲ್ಲಿ ಎಚ್1ಎನ್1 ಬಂದು ಜನ ಮಾಸ್ಕ್‌ಗಾಗಿ ಔಷಧ ಅಂಗಡಿಗಳಿಗೆ ಮುಗಿಬಿದ್ದರು. ಕಾಯ್ದೆ ಅದೇ ಇತ್ತು. 2020ರ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆಯ ಮೂಲಕ ಅದಕ್ಕೆ ತಿದ್ದುಪಡಿ ಆಯಿತು. ಅದು ವೈದ್ಯರು, ನರ್ಸ್‌ಗಳ ಮೇಲಿನ ಹಲ್ಲೆಗೆ ಕಠಿಣ ಶಿಕ್ಷೆ ಇಟ್ಟಿತು. ಅದು ಬೇಕಾಗಿತ್ತು. ಸೋಂಕಿನಿಂದ ಅವರನ್ನು ಕಾಯುವ ಸಾಮಗ್ರಿಯ ಹೊಣೆ ಮಾತ್ರ ಕಾಯ್ದೆಯ ಹೊರಗೇ ಉಳಿಯಿತು.

ಕೊಡಗಿನ ಮಟ್ಟಿಗೆ ಎಚ್ಚರಿಕೆಯ ಮೊದಲ ಗಂಟೆ ಬಾರಿಸಿದ್ದು 2018ರ ಮೇ ತಿಂಗಳು. ಕೋಝಿಕ್ಕೋಡ್ ಜಿಲ್ಲೆಯ ಪೇರಾಂಬ್ರದಲ್ಲಿ ಕಾಣಿಸಿಕೊಂಡ ನಿಪಾ 17 ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ರೋಗಿಯ ಆರೈಕೆ ಮಾಡಿದ್ದ ನರ್ಸ್ ಲಿನಿ ಮೇ 21ರಂದು ತೀರಿಕೊಂಡರು. ಆ ಸಲ ಸೋಂಕು ಹೆಚ್ಚಾಗಿ ಹರಡಿದ್ದು ಆಸ್ಪತ್ರೆಗಳ ಒಳಗೇ, ಅದರಲ್ಲೂ ಇದು ನಿಪಾ ಎಂದು ಯಾರಿಗೂ ಗೊತ್ತಾಗುವ ಮೊದಲು. ಜ್ವರ, ಕೆಮ್ಮು, ಪ್ರಜ್ಞೆ ತಪ್ಪಿದ ರೋಗಿ ಎಂದು ಮಾತ್ರ ತಿಳಿದಿದ್ದ ಹೊತ್ತದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಲ್ಯಾಬ್ ವರದಿ ಬಂದ ಮೇಲೆ ರಾಜಧಾನಿಯಿಂದ ಹೊರಡುವ ಕಿಟ್, ಮೊದಲ ರೋಗಿಯನ್ನು ಮುಟ್ಟಿದವರಿಗೆ ಉಪಯೋಗಕ್ಕೆ ಬರುವುದಿಲ್ಲ. ಅದು ವಿರಾಜಪೇಟೆಯ ತಾಲ್ಲೂಕು ಆಸ್ಪತ್ರೆಯಲ್ಲಿ, ಗೋಣಿಕೊಪ್ಪದ ಸಮುದಾಯ ಆರೋಗ್ಯ ಕೇಂದ್ರದಲ್ಲಿ, ರಾತ್ರಿ ಪಾಳಿಯ ನರ್ಸ್ ಕೈಗೆಟುಕುವ ಕಪಾಟಿನಲ್ಲಿ ಮೊದಲೇ ಇರಬೇಕು. ಆ್ಯಂಬುಲೆನ್ಸ್ ಚಾಲಕನಿಗೂ ಸಿಗಬೇಕು. ದಾಸ್ತಾನಿನ ಚರ್ಚೆ ಜಿಲ್ಲೆಗೆ ಇಷ್ಟು, ರಾಜ್ಯಕ್ಕೆ ಇಷ್ಟು ಎಂಬ ಒಟ್ಟು ಮೊತ್ತದಲ್ಲೇ ನಿಂತುಬಿಟ್ಟರೆ ಈ ಸಂಗತಿ ಮರೆಯಾಗುತ್ತದೆ.

ಅದೇ ವರ್ಷ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆ ಗುಡ್ಡಗಳೇ ಜಾರಿ ಬಿದ್ದವು. ಮಡಿಕೇರಿ–ಸಂಪಾಜೆ ಹೆದ್ದಾರಿ ವಾರಗಟ್ಟಲೆ ಮುಚ್ಚಿತು. ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಬರುವುದೆಲ್ಲ ರಸ್ತೆಯಲ್ಲೇ ಬರಬೇಕು. ಒಂದೇ ವರ್ಷದಲ್ಲಿ ಗಡಿಯಾಚೆ ಮಾರಕ ಸೋಂಕು, ಗಡಿಯೊಳಗೆ ಕಡಿದುಹೋದ ರಸ್ತೆ. ಎರಡೂ ಒಂದೇ ವಾರದಲ್ಲಿ ಬಂದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಆಗಲೇ ಏಳಬೇಕಿತ್ತು. ನೆರೆ ಪರಿಹಾರ, ಮನೆ ಹಂಚಿಕೆಯ ದೊಡ್ಡ ಸಂಕಟದ ನಡುವೆ ಅದು ಏಳಲಿಲ್ಲ.

ಮುಂದೆ ಬಂದದ್ದು 2020. ಇಂದಿನ ಗೊಂದಲವೆಲ್ಲ ಗಟ್ಟಿಯಾದದ್ದು ಆ ವರ್ಷದ ಮೊದಲ ಆರು ತಿಂಗಳಲ್ಲಿ. ಹಾಗಾಗಿ ಅಲ್ಲಿ ಸ್ವಲ್ಪ ನಿಧಾನಿಸುವುದು ಅಗತ್ಯ.

ಜನವರಿ 31ರಂದು ಕೇಂದ್ರ ಸರ್ಕಾರ ಎಲ್ಲ ಬಗೆಯ ವೈಯಕ್ತಿಕ ರಕ್ಷಣಾ ಸಾಮಗ್ರಿಯ ರಫ್ತನ್ನು ನಿಷೇಧಿಸಿತು. ಎಂಟೇ ದಿನಗಳಲ್ಲಿ ಸರ್ಜಿಕಲ್ ಮಾಸ್ಕ್ ಮತ್ತು ಗ್ಲೌಸ್‌ಗೆ ವಿನಾಯಿತಿ ಕೊಟ್ಟಿತು. ಮಾರ್ಚ್ 19ರಂದು ಮಾಸ್ಕ್‌ಗೂ ಅದರ ಕಚ್ಚಾವಸ್ತುವಿಗೂ ಮತ್ತೆ ನಿಷೇಧ ಬಂತು. ಕೊಡಗಿನಲ್ಲಿ ಮೊದಲ ಕೋವಿಡ್ ಪ್ರಕರಣ ದೃಢಪಟ್ಟದ್ದೂ ಅದೇ ಮಾರ್ಚ್ 19ರಂದೇ. ಕೆಲವೇ ದಿನಗಳಲ್ಲಿ ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಲಾಯಿತು. ಜಿಲ್ಲೆ ತನ್ನನ್ನು ತಾನು ಹೊರಗಿನಿಂದ ಬೇರ್ಪಡಿಸಿಕೊಂಡಿತು. ಒಳಗೆ ಏನಿತ್ತೋ ಅದರಲ್ಲೇ ನಡೆಸಬೇಕಾದ ಸ್ಥಿತಿ.

ಆ ಹೊತ್ತಿಗೆ ದೇಶದಲ್ಲಿ ಮೈ ತುಂಬ ಮುಚ್ಚುವ ಕವರಾಲ್‌ನ ತಯಾರಿಕೆ ಹೆಚ್ಚುಕಡಿಮೆ ಶೂನ್ಯ. ಬೇಕಾದಷ್ಟನ್ನು ಹೊರಗಿನಿಂದ ತರಿಸಿಕೊಳ್ಳುವುದು ರೂಢಿಯಾಗಿತ್ತು. ಕೇಂದ್ರದ ಪರವಾಗಿ ಖರೀದಿಯ ಹೊಣೆ ಹೊತ್ತದ್ದು ತಿರುವನಂತಪುರದ ಸರ್ಕಾರಿ ಕಂಪನಿ ಎಚ್‌ಎಲ್‌ಎಲ್ ಲೈಫ್‌ಕೇರ್. ಕವರಾಲ್ ಒಪ್ಪಬೇಕೇ ಬಿಡಬೇಕೇ ಎಂದು ಹೇಳುವ ಪರೀಕ್ಷಾಲಯ ಆರಂಭದಲ್ಲಿ ಇದ್ದದ್ದು ಒಂದೇ, ಕೊಯಮತ್ತೂರಿನ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಸ್ಥೆ, ಎಂದರೆ ಸಿಟ್ರಾ.

ಅಲ್ಲಿ ನಡೆಯುವ ಪರೀಕ್ಷೆ ಕೇಳಲು ಸರಳ. ರಕ್ತದಂತೆಯೇ ವರ್ತಿಸುವ ಕೃತಕ ದ್ರವವನ್ನು ಬಟ್ಟೆಯ ಒಂದು ಬದಿಗೆ ಒತ್ತಡದಿಂದ ಹಾಯಿಸಿ, ಇನ್ನೊಂದು ಬದಿಗೆ ಒಸರುತ್ತದೆಯೇ ಎಂದು ನೋಡುತ್ತಾರೆ. ಐಎಸ್ಒ 16603 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಒತ್ತಡಕ್ಕೆ ತಕ್ಕಂತೆ ದರ್ಜೆಗಳಿವೆ. ಕೋವಿಡ್ ಕವರಾಲ್‌ಗೆ ಕನಿಷ್ಠ 3ನೇ ದರ್ಜೆ ಎಂದು ಗೊತ್ತುಮಾಡಲಾಯಿತು, ಅಂದರೆ 3.5 ಕಿಲೋಪಾಸ್ಕಲ್ ಒತ್ತಡದಲ್ಲೂ ದ್ರವ ತೂರಿಬರಬಾರದು. ಬಟ್ಟೆ ಗೆಲ್ಲುವುದು ಅಷ್ಟು ಕಷ್ಟವಲ್ಲ. ಸೋಲುವುದು ಹೊಲಿಗೆ. ಸೂಜಿ ಹೋದಲ್ಲೆಲ್ಲ ತೂತು, ತೂತಿನಲ್ಲೆಲ್ಲ ದ್ರವ. ಹೊಲಿಗೆಯ ಮೇಲೆ ಬಿಸಿಗಾಳಿಯಿಂದ ಅಂಟಿಸುವ ಟೇಪ್, ಅದನ್ನು ಅಂಟಿಸುವ ಯಂತ್ರ ಎರಡಕ್ಕೂ ಆ ವಸಂತದಲ್ಲಿ ಬರ. ಸಿದ್ಧ ಉಡುಪಿನ ಕಾರ್ಖಾನೆಗಳು ಸಾಲಾಗಿ ಇದ್ದ ಬೆಂಗಳೂರು ಈ ಕೆಲಸಕ್ಕೆ ಬೇಗ ಹೊರಳಿತು. ಏಪ್ರಿಲ್ ಕೊನೆಗೆ ದೇಶದ ಕವರಾಲ್‌ಗಳಲ್ಲಿ ಸುಮಾರು ಅರ್ಧದಷ್ಟು ಅಲ್ಲೇ ತಯಾರಾಗುತ್ತಿತ್ತು. ಮೇ ತಿಂಗಳಲ್ಲಿ ಭಾರತ ಚೀನಾದ ನಂತರದ ಅತಿ ದೊಡ್ಡ ತಯಾರಕ ಎಂದು ಸರ್ಕಾರ ಹೇಳಿಕೊಂಡಿತು. ಹಗಲೂ ರಾತ್ರಿ ಹೊಲಿದ ಹೆಣ್ಣುಮಕ್ಕಳ ದುಡಿಮೆ ಆ ಮಾತಿನ ಹಿಂದಿದೆ.

ಪಾಸಾದ ಪ್ರತಿ ಮಾದರಿಗೂ ಒಂದು ವಿಶಿಷ್ಟ ಪ್ರಮಾಣೀಕರಣ ಸಂಕೇತ ಕೊಡುವ ಪದ್ಧತಿ ಏಪ್ರಿಲ್‌ನಲ್ಲಿ ಬಂತು. ಯುಸಿಸಿ ಎಂದು ಕರೆಯುವ ಆ ಸಂಕೇತವನ್ನು ಕವರಾಲ್‌ನ ಮೇಲೆ ಅಚ್ಚೊತ್ತಬೇಕಿತ್ತು. ರಕ್ಷಣಾ ಇಲಾಖೆಯ ಪ್ರಯೋಗಾಲಯಗಳು, ಆಯುಧ ಕಾರ್ಖಾನೆಗಳ ಪ್ರಯೋಗಾಲಯಗಳು ಸೇರಿ ಪರೀಕ್ಷಾ ಕೇಂದ್ರಗಳ ಸಂಖ್ಯೆ ಏರಿತು. ಭಾರತೀಯ ಮಾನಕ ಬ್ಯೂರೋ ಐಎಸ್ 17423 ಎಂಬ ದೇಶೀಯ ಮಾನದಂಡವನ್ನು ಅದೇ ವರ್ಷ ಹೊರತಂದಿತು. ಇಷ್ಟು ಕಡಿಮೆ ಸಮಯದಲ್ಲಿ ಇಷ್ಟಾದದ್ದು ಸಣ್ಣ ಸಾಧನೆಯಲ್ಲ.

ಆದರೆ ಕ್ರಮ ತಲೆಕೆಳಗಾಗಿತ್ತು. ಮೊದಲು ಖರೀದಿ, ಆಮೇಲೆ ಪರೀಕ್ಷೆ, ಎಲ್ಲಕ್ಕಿಂತ ಕೊನೆಗೆ ಮಾನದಂಡ. ಪರೀಕ್ಷೆಗೆ ಕಳಿಸಿದ ಮಾದರಿ ಪಾಸಾಗಿದೆ ಎಂಬುದು ಲಾರಿಯಲ್ಲಿ ಬಂದಿಳಿದ ಪೆಟ್ಟಿಗೆಯೂ ಪಾಸಾಗಿದೆ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಅದಕ್ಕಾಗಿಯೇ ಸರಬರಾಜಿನಿಂದ ಅಲ್ಲೊಂದು ಇಲ್ಲೊಂದು ಎತ್ತಿ ಪರೀಕ್ಷಿಸುವ ವ್ಯವಸ್ಥೆ ಬಂತು. ಅಂಥ ಪರೀಕ್ಷೆ ಮಾಡುವ ಸಾಮರ್ಥ್ಯ ಜಿಲ್ಲೆಯ ಮಟ್ಟದಲ್ಲಿ ಇಲ್ಲ, ಇರಬೇಕೆಂದು ಯಾರೂ ನಿರೀಕ್ಷಿಸುವುದೂ ಇಲ್ಲ. ಉಗ್ರಾಣದ ಫಾರ್ಮಸಿಸ್ಟ್ ಸಂಕೇತ ಸಂಖ್ಯೆ ಇದೆಯೇ, ತಯಾರಿಕೆಯ ದಿನಾಂಕ ಇದೆಯೇ ಎಂದು ನೋಡಬಲ್ಲರು. ಅಲ್ಲಿಂದ ಮುಂದೆ ನಂಬಿಕೆ.

ಮಾಸ್ಕ್‌ನದು ಇನ್ನೊಂದು ಕಥೆ. ಸೂಕ್ಷ್ಮ ಕಣಗಳನ್ನು ಸೋಸುವ ಮಾಸ್ಕ್‌ಗೆ ಎನ್-95 ಅಮೆರಿಕದ ಮಾನದಂಡ, ಎಫ್‌ಎಫ್‌ಪಿ-2 ಯುರೋಪಿನದು, ಕೆಎನ್-95 ಚೀನಾದ್ದು, ನಮ್ಮದು ಐಎಸ್ 9473. ಪೇಟೆಯಲ್ಲಿ ಎಲ್ಲಕ್ಕೂ ಒಂದೇ ಹೆಸರು. ಜುಲೈ 2020ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕವಾಟವಿರುವ ಎನ್-95 ಬೇಡ ಎಂದು ರಾಜ್ಯಗಳಿಗೆ ಬರೆಯಿತು, ಏಕೆಂದರೆ ತೊಟ್ಟವರ ಉಸಿರು ಸೋಸದೆ ಹೊರಬರುತ್ತದೆ. ಅಷ್ಟರಲ್ಲಿ ಅಂಥವು ಎಲ್ಲೆಡೆ ಮಾರಾಟವಾಗಿ ಆಗಿತ್ತು.

ಈಗ ಇಟ್ಟುಕೊಳ್ಳುವ ವಿಷಯ. ಅನುಮೋದನೆಯ ಬಗ್ಗೆ ನಡೆದ ಚರ್ಚೆಯ ಹತ್ತರಲ್ಲೊಂದು ಪಾಲೂ ಇದರ ಬಗ್ಗೆ ನಡೆದಿಲ್ಲ, ಕೊಡಗಿಗೆ ಮಾತ್ರ ಇದೇ ಮುಖ್ಯ. ಎನ್-95ರ ಒಳಪದರ ಧೂಳನ್ನು ಹಿಡಿಯುವುದು ಬರೀ ಜಾಲರಿಯಂತೆ ಅಲ್ಲ. ಅದರ ನಾರುಗಳಿಗೆ ಸ್ಥಿರ ವಿದ್ಯುತ್ತಿನ ಗುಣ ತುಂಬಿರುತ್ತಾರೆ, ಸೂಕ್ಷ್ಮ ಕಣಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಸೋಪು, ಸ್ಯಾನಿಟೈಸರ್ ತಾಗಿದರೆ ಆ ಗುಣ ಹೋಗುತ್ತದೆ. ವರ್ಷಗಳು ಕಳೆದಂತೆ ಎಲಾಸ್ಟಿಕ್ ಬಿಗಿ ಕಳೆದುಕೊಳ್ಳುತ್ತದೆ, ಮೂಗಿನ ಮೇಲಿನ ಸ್ಪಂಜು ಪುಡಿಯಾಗುತ್ತದೆ. ಮುಖಕ್ಕೆ ಬಿಗಿಯಾಗಿ ಕೂರದ ಎನ್-95, ಎನ್-95 ಅಲ್ಲ. ತಯಾರಕರು ಸಾಮಾನ್ಯವಾಗಿ ಐದು ವರ್ಷದ ಬಾಳಿಕೆ ಬರೆಯುತ್ತಾರೆ, ಜೊತೆಗೆ ಇಡುವ ಜಾಗದ ಆರ್ದ್ರತೆ 80%ಕ್ಕಿಂತ ಕಡಿಮೆ ಇರಬೇಕು ಎಂದೂ ಬರೆಯುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುವ, ಮಡಚಿಟ್ಟ ಬಟ್ಟೆಗೂ ಬೂಷ್ಟು ಹಿಡಿಯುವ ಮಡಿಕೇರಿ, ಭಾಗಮಂಡಲ, ಶಾಂತಳ್ಳಿಯಂಥ ಜಾಗಗಳಲ್ಲಿ ಆ ಷರತ್ತು ತಾನಾಗಿ ಪೂರೈಸುವುದಿಲ್ಲ.

ತೇವದಿಂದ ಬೆಳೆ ಕಾಯುವುದನ್ನು ಈ ಜಿಲ್ಲೆಗೆ ಯಾರೂ ಕಲಿಸಬೇಕಾಗಿಲ್ಲ. ಕಾಫಿ ಬೀಜದ ತೇವ ಅಳೆದು, ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಯ ಮೇಲೆ ಮೂಟೆ ಜೋಡಿಸುವುದು ಪ್ರತಿ ತೋಟದ ಮನೆಯ ವಾಡಿಕೆ. ಆಸ್ಪತ್ರೆಯ ಉಗ್ರಾಣಕ್ಕೂ ಅಷ್ಟೇ ಕಾಳಜಿ ಸಾಕು: ಒಂದು ತೇವಮಾಪಕ, ಒಂದು ತೇವ ಹೀರುವ ಯಂತ್ರ, ಮೊದಲು ಅವಧಿ ಮುಗಿಯುವುದನ್ನು ಮೊದಲು ಬಳಕೆಗೆ ಕೊಡುವ ಶಿಸ್ತು. ಈ ಶಿಸ್ತು ಇದ್ದರೆ ದಾಸ್ತಾನು ಕೊಳೆಯುವುದಿಲ್ಲ. ಕ್ಷಯರೋಗಿಗಳ ವಾರ್ಡಿನಲ್ಲಿ, ಶವಾಗಾರದಲ್ಲಿ ನಿತ್ಯ ಬೇಕಾಗುವ ಮಾಸ್ಕ್, ಗ್ಲೌಸ್ ಇದೇ ದಾಸ್ತಾನಿನಿಂದ ಹೋಗುತ್ತಿದ್ದರೆ, ಹೊಸದು ಬಂದು ಹಿಂದೆ ಸೇರುತ್ತಿದ್ದರೆ, ಆಪತ್ತಿನ ದಿನ ಪೆಟ್ಟಿಗೆ ತೆರೆದಾಗ ಒಳಗಿರುವುದು ಬಳಸಲು ಬರುತ್ತದೆ.

ಇದು ಬರೀ ನಮ್ಮ ಕೊರತೆ ಎಂದುಕೊಳ್ಳಬೇಕಿಲ್ಲ. ಅಮೆರಿಕ 1999ರಿಂದಲೂ ರಾಷ್ಟ್ರೀಯ ದಾಸ್ತಾನು ಇಟ್ಟುಕೊಂಡು ಬಂದ ದೇಶ. 2009ರ ಎಚ್1ಎನ್1 ಕಾಲದಲ್ಲಿ ಅಲ್ಲಿಂದ ಸುಮಾರು 8.5 ಕೋಟಿ ಎನ್-95 ಮಾಸ್ಕ್ ಹೊರಹೋದವು, ಖಾಲಿಯಾದ ಜಾಗ ಹಾಗೆಯೇ ಉಳಿಯಿತು. 2020ರಲ್ಲಿ ಅಲ್ಲಿನ ಕೆಲವು ರಾಜ್ಯಗಳಿಗೆ ತಲುಪಿದ ಹಳೆಯ ಮಾಸ್ಕ್‌ಗಳ ಪಟ್ಟಿ ಎಳೆದರೆ ಕಿತ್ತುಬರುತ್ತಿತ್ತು. ತುಂಬಿಸುವ ಉತ್ಸಾಹ ಮರುತುಂಬಿಸುವಾಗ ಇರುವುದಿಲ್ಲ.

ಹಣದ ಲೆಕ್ಕವನ್ನೂ ನೋಡಬೇಕು. 2020ರ ಮಾರ್ಚ್ 14ರಂದು ಕೇಂದ್ರ ಗೃಹ ಸಚಿವಾಲಯ ಕೋವಿಡ್ಡನ್ನು ವಿಪತ್ತು ಎಂದು ಪರಿಗಣಿಸಿ, ರಾಜ್ಯ ವಿಪತ್ತು ಸ್ಪಂದನ ನಿಧಿಯಿಂದ ಆರೋಗ್ಯ, ಪೌರ, ಪೊಲೀಸ್, ಅಗ್ನಿಶಾಮಕ ಸಿಬ್ಬಂದಿಗೆ ರಕ್ಷಣಾ ಸಾಮಗ್ರಿ ಕೊಳ್ಳಲು ಅವಕಾಶ ಕೊಟ್ಟಿತು. ಅದು ಒಂದು ಸಲದ ವಿಶೇಷ ರಿಯಾಯಿತಿ. ಆಪತ್ತು ಬಂದಾಗ ತೆರೆಯುವ ಬಾಗಿಲು ಆಪತ್ತಿಲ್ಲದ ವರ್ಷಗಳ ದಾಸ್ತಾನಿಗೆ ತೆರೆಯುವುದಿಲ್ಲ. ಆ ಅವಸರದ ಖರೀದಿಗಳ ದರದ ಬಗ್ಗೆ ರಾಜ್ಯದಲ್ಲಿ ದೊಡ್ಡ ವಿವಾದವೇ ಎದ್ದಿತು. 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹ ಅವರ ಆಯೋಗ ನೇಮಕವಾಗಿ, 2024ರ ಆಗಸ್ಟ್ 31ರಂದು ಮೊದಲ ವರದಿ ಸಲ್ಲಿಸಿತು. ಅದರ ರಾಜಕೀಯ ಇಲ್ಲಿನ ವಿಷಯವಲ್ಲ. ಒಂದನ್ನು ಮಾತ್ರ ಹೇಳಬಹುದು: ಕೈಯಲ್ಲಿ ಮೂರು ತಿಂಗಳ ದಾಸ್ತಾನು ಇರುವ ಸರ್ಕಾರ ಯಾವುದೇ ಇರಲಿ, ಕೇಳಿದ ಬೆಲೆಗೆ ಕೊಳ್ಳುವ ಇಕ್ಕಟ್ಟಿಗೆ ಬೀಳುವುದಿಲ್ಲ.

ನಂತರದ ವರ್ಷಗಳಲ್ಲಿ ಕಾಗದದ ಮೇಲೆ ಸಾಕಷ್ಟು ಆಗಿದೆ. ವೈದ್ಯಕೀಯ ಸಾಧನಗಳೆಲ್ಲ 2022 ಮತ್ತು 2023ರ ಅಕ್ಟೋಬರ್‌ಗಳಲ್ಲಿ ಹಂತ ಹಂತವಾಗಿ ಪರವಾನಗಿಯ ವ್ಯಾಪ್ತಿಗೆ ಬಂದವು. ನೀತಿ ಆಯೋಗದ ತಜ್ಞರ ತಂಡ 2024ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕ ಆರೋಗ್ಯದ ತುರ್ತು ಪರಿಸ್ಥಿತಿಗಳಿಗೆ ಪ್ರತ್ಯೇಕ ಕಾಯ್ದೆ, ಪ್ರತ್ಯೇಕ ನಿಧಿ ಬೇಕೆಂದು ಶಿಫಾರಸು ಮಾಡಿತು. 2025ರ ಮೇ 20ರಂದು ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು ಮಹಾಮಾರಿ ಒಪ್ಪಂದವನ್ನು ಅಂಗೀಕರಿಸಿದವು.

ಇವು ಯಾವುದೂ ಗುಡ್ಡಗಾಡು ಜಿಲ್ಲೆಯೊಂದರ ಮಳೆಗಾಲವನ್ನು ಲೆಕ್ಕಕ್ಕೆ ಹಿಡಿಯುವಷ್ಟು ಕೆಳಗಿಳಿದಿಲ್ಲ. 2020ರ ಆಗಸ್ಟ್‌ನಲ್ಲಿ, ಕೋವಿಡ್ ಏರುತ್ತಿದ್ದಾಗಲೇ, ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ರಕ್ಷಣಾ ಸಿಬ್ಬಂದಿ ಸುರಿಯುವ ಮಳೆಯಲ್ಲಿ, ಸೋಂಕಿನ ಭಯದ ನಡುವೆ ಮಣ್ಣು ಬಗೆದರು. 2018ರಲ್ಲಿ ಮೂರು ತಿಂಗಳ ಅಂತರದಲ್ಲಿ ಬಂದ ಎರಡು ಆಪತ್ತುಗಳು ಎರಡೇ ವರ್ಷಕ್ಕೆ ಒಟ್ಟಿಗೇ ಬಂದಿದ್ದವು. ಹಾಗಾಗಿ ಕೊಡಗಿನ ದಾಸ್ತಾನಿಗೆ ಗಡುವು ಹಣಕಾಸು ವರ್ಷ ಮುಗಿಯುವ ಮಾರ್ಚ್ 31 ಅಲ್ಲ, ಮಳೆಗಾಲಕ್ಕೆ ಮುಂಚಿನ ಮೇ 31. ಆ ದಿನಕ್ಕೆ ಮಡಿಕೇರಿಯ ಜಿಲ್ಲಾ ಉಗ್ರಾಣದ ಜೊತೆಗೆ, ರಸ್ತೆ ಕಡಿದರೆ ಒಂಟಿಯಾಗುವ ಪ್ರತಿ ಆರೋಗ್ಯ ಕೇಂದ್ರದಲ್ಲೂ ಬುಡಕಟ್ಟು ಜನರ ಹಾಡಿಗಳಿಗೂ ತೋಟದ ಕಾರ್ಮಿಕರ ಲೈನ್‌ಮನೆಗಳಿಗೂ ಹೋಗುವ ಆಶಾ ಕಾರ್ಯಕರ್ತೆಯರ ಪಾಲು ಸೇರಿ ಕೆಲವು ವಾರಕ್ಕಾಗುವಷ್ಟು ಸಾಮಗ್ರಿ ತಲುಪಿರಬೇಕು.

2020 ಮತ್ತು 2021ರಲ್ಲಿ ತಯಾರಾದ, ಐದು ವರ್ಷದ ಬಾಳಿಕೆ ಬರೆದಿದ್ದ ಮಾಸ್ಕ್‌ಗಳ ಅವಧಿ 2025 ಮತ್ತು 2026ಕ್ಕೆ ಮುಗಿಯುತ್ತದೆ. ಮುಂದಿನ ಸುತ್ತೋಲೆ ಬಂದಾಗ ಎಷ್ಟಿವೆ ಎಂಬ ಕಾಲಂನ ಪಕ್ಕದಲ್ಲಿ ಅವಧಿ ಯಾವಾಗ ಮುಗಿಯುತ್ತದೆ, ಬದಲಿಗೆ ಬೇಡಿಕೆ ಯಾವಾಗ ಹೋಗಿದೆ ಎಂಬ ಇನ್ನೆರಡು ಕಾಲಂಗಳೂ ಇರಬೇಕು.