ಮಕ್ಕಳ ಶ್ವಾಸಕೋಶದ ಆಪರೇಷನ್: ಬರ್ಲಿನ್‌ನಿಂದ ರೋಬೋಟ್‌ವರೆಗೆ

ಮಲೆನಾಡಿನಲ್ಲಿ ಮಕ್ಕಳ ಕೆಮ್ಮಿಗೆ ಕಾರಣ ಹುಡುಕಬೇಕಿಲ್ಲ. ನಾಲ್ಕು ತಿಂಗಳು ಮಳೆ, ಆಮೇಲೆ ಚಳಿ, ವರ್ಷವಿಡೀ ಬಚ್ಚಲ ಒಲೆಯ ಹೊಗೆ. ಹಾಗಾಗಿ ಕೆಮ್ಮು ತಿಂಗಳುಗಟ್ಟಲೆ ಎಳೆದರೂ ‘ಥಂಡಿ ಆಗಿದೆ’ ಅಂತ ಸುಮ್ಮನಿದ್ದುಬಿಡುತ್ತೇವೆ. ಕಷಾಯ, ಸಿರಪ್ಪು, ನೆಬ್ಯುಲೈಸರ್ ಎಲ್ಲ ಮುಗಿದ ಮೇಲೆ ಶಿವಮೊಗ್ಗದಲ್ಲಿ ಸಿಟಿ ಸ್ಕ್ಯಾನ್ ಆಗುತ್ತದೆ. ಶ್ವಾಸಕೋಶದ ಒಂದು ಭಾಗ ಕೆಟ್ಟಿದೆ, ತೆಗೆಸಬೇಕಾಗಬಹುದು, ಬೆಂಗಳೂರಿಗೆ ಹೋಗಿ ಎನ್ನುತ್ತಾರೆ. ಈಗ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ‘ರೋಬೋಟ್‌ನಲ್ಲಿ ಮಾಡಿಸಿದರೆ ಒಳ್ಳೇದಾ?’

1931ರಲ್ಲಿ ಬರ್ಲಿನ್‌ನ ಸರ್ಜನ್ ರುಡಾಲ್ಫ್ ನಿಸ್ಸೆನ್ 12 ವರ್ಷದ ಹುಡುಗಿಯೊಬ್ಬಳ ಇಡೀ ಒಂದು ಶ್ವಾಸಕೋಶ ತೆಗೆದರು. ಅವಳಿಗಿದ್ದದ್ದು ಬ್ರಾಂಕಿಯೆಕ್ಟಾಸಿಸ್. ಉಸಿರಿನ ಕೊಳವೆಗಳು ಹಿಗ್ಗಿ ಸಡಿಲಾಗಿ, ಕಫ ಅಲ್ಲೇ ನಿಂತು ಮತ್ತೆ ಮತ್ತೆ ಸೋಂಕಾಗುವ ಕಾಯಿಲೆ ಅದು. ಮೊದಲ ಸಲ ಕೈಹಾಕಿದಾಗ ಟೇಬಲ್ ಮೇಲೇ ಹೃದಯ ನಿಂತಿತು. ಹೃದಯ ಮತ್ತೆ ಬಡಿಯಿತು, ಆದರೆ ಆಪರೇಷನ್ ಅಲ್ಲಿಗೇ ಬಿಡಬೇಕಾಯಿತು. ಎರಡನೇ ಸಲ ನಿಸ್ಸೆನ್ ಶ್ವಾಸಕೋಶದ ಬುಡವನ್ನು ಬಿಗಿಯಾಗಿ ಕಟ್ಟಿದರು, ಅಷ್ಟೇ. ರಕ್ತ ಸಿಗದೆ ಸತ್ತ ಭಾಗ ಕೆಲವು ದಿನಗಳ ಮೇಲೆ ಕಳಚಿಕೊಂಡು ಬಂತು. ಹುಡುಗಿ ಬದುಕಿದಳು. ಪೆನಿಸಿಲಿನ್ ಇನ್ನೂ ಔಷಧಿಯಾಗಿ ಬಂದಿರಲಿಲ್ಲ ಎಂಬುದನ್ನು ನೆನಪಿಡಿ. ಕ್ಯಾನ್ಸರ್‌ಗಾಗಿ ಒಂದೇ ಹಂತದಲ್ಲಿ ಶ್ವಾಸಕೋಶ ತೆಗೆದು ಅಮೆರಿಕದ ಎವರ್ಟ್ಸ್ ಗ್ರಹಾಮ್ ಹೆಸರಾದದ್ದು 1933ರಲ್ಲಿ, ಅದಾಗಿ ಎರಡು ವರ್ಷಕ್ಕೆ.

ಆಮೇಲೆ ದಶಕಗಳ ಕಾಲ ಇದ್ದದ್ದು ಒಂದೇ ದಾರಿ: ಎದೆಯ ಪಕ್ಕದಲ್ಲಿ ಉದ್ದಕ್ಕೆ ಕೊಯ್ದು, ಪಕ್ಕೆಲುಬುಗಳನ್ನು ಅಗಲಿಸುವುದು. ದೊಡ್ಡವರಿಗೆ ಇದರಿಂದ ನೋವು ಜಾಸ್ತಿ. ಮಕ್ಕಳಿಗೆ ನೋವಿನ ಜೊತೆ ಇನ್ನೊಂದು ತೊಂದರೆ. ಮಗು ಬೆಳೆಯುತ್ತಾ ಹೋದಂತೆ ಕೆಲವರಲ್ಲಿ ಬೆನ್ನುಮೂಳೆ ಒಂದು ಕಡೆಗೆ ಬಾಗುತ್ತದೆ, ಹೆಗಲಿನ ಹಿಂದಿನ ಮೂಳೆ ಎದ್ದು ನಿಲ್ಲುತ್ತದೆ, ಪಕ್ಕೆಲುಬುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಯ ಚಿಕ್ಕದಿರಬೇಕು ಎನ್ನುವುದು ಮಕ್ಕಳ ವಿಷಯದಲ್ಲಿ ಬರೀ ಚಂದದ ಮಾತಲ್ಲ.

ಎದೆಯೊಳಗೆ ಕೊಳವೆ ತೂರಿಸಿ ನೋಡುವ ಉಪಾಯ ಹಳೆಯದು. ಸ್ವೀಡನ್ನಿನ ಯಾಕೋಬಿಯಸ್ 1910ರಲ್ಲೇ ಅದರ ಬಗ್ಗೆ ಬರೆದಿದ್ದರು. ಮುಂದೆ ಅದು ಬಳಕೆಯಾದದ್ದು ಹೆಚ್ಚಾಗಿ ಕ್ಷಯದ ರೋಗಿಗಳಿಗೆ. 1970ರ ದಶಕದಲ್ಲಿ ಅಮೆರಿಕದ ಬ್ರಾಡ್ಲಿ ರಾಜರ್ಸ್ ಅದನ್ನು ಮಕ್ಕಳಿಗೆ ತಂದರು. 1990ರ ದಶಕದಿಂದ ಕ್ಯಾಮೆರಾ, ಸಣ್ಣ ಉಪಕರಣ ಎಲ್ಲ ಸೇರಿ, ಎರಡು-ಮೂರು ತೂತಿನಲ್ಲೇ ಮಕ್ಕಳ ಶ್ವಾಸಕೋಶದ ಒಂದು ಹಾಲೆಯನ್ನೇ (ಒಂದು ದೊಡ್ಡ ವಿಭಾಗವನ್ನೇ) ತೆಗೆಯುವುದು ಸಾಧ್ಯವಾಯಿತು. ನನ್ನ ಲೆಕ್ಕದಲ್ಲಿ ದೊಡ್ಡ ಜಿಗಿತ ಇದೇ, ರೋಬೋಟ್ ಅಲ್ಲ.

ಆಪರೇಷನ್‌ಗೆಂದೇ ಮಾಡಿದ ಡಾವಿಂಚಿ ರೋಬೋಟ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2000ದಲ್ಲಿ. ಮಗುವಿನ ಮೇಲೆ ಅದರ ಬಳಕೆಯ ಮೊದಮೊದಲ ವರದಿ 2001ರಲ್ಲಿ ಜರ್ಮನಿಯಿಂದ ಬಂತು. ಆವತ್ತು ಮಾಡಿದ್ದು ಹೊಟ್ಟೆಯ ಆಮ್ಲ ಮೇಲೆ ಬರದಂತೆ ತಡೆಯುವ ಆಪರೇಷನ್. ಅದನ್ನು ರೂಪಿಸಿದವರು ಯಾರು ಗೊತ್ತಾ? ಅದೇ ರುಡಾಲ್ಫ್ ನಿಸ್ಸೆನ್.

ಹೆಸರು ರೋಬೋಟ್ ಆದರೂ ಅದು ತಾನಾಗಿ ಏನೂ ಮಾಡುವುದಿಲ್ಲ. ಡಾಕ್ಟ್ರು ಪಕ್ಕದ ಕನ್ಸೋಲ್‌ನಲ್ಲಿ ಕೂತು ಕೈಯಾಡಿಸುತ್ತಾರೆ, ಒಳಗಿನ ಉಪಕರಣ ಮಣಿಕಟ್ಟಿನಂತೆ ತಿರುಗುತ್ತದೆ, ದೃಶ್ಯ ಆಳ ಸಮೇತ ದೊಡ್ಡದಾಗಿ ಕಾಣುತ್ತದೆ. ದೀರ್ಘಕಾಲದ ಕಾಯಿಲೆಯಲ್ಲಿ ಇದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಏಕೆಂದರೆ ವರ್ಷಗಟ್ಟಲೆ ಸೋಂಕಾದ ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿರುತ್ತದೆ, ಊದಿದ ಗ್ರಂಥಿಗಳು ರಕ್ತನಾಳಕ್ಕೆ ಕಚ್ಚಿಕೊಂಡಿರುತ್ತವೆ. ಅವನ್ನು ಬಿಡಿಸುವಾಗ ಒಂದು ಎಳೆ ತಪ್ಪಿದರೂ ರಕ್ತ ಚಿಮ್ಮುತ್ತದೆ.

ತೊಡಕು ಇರುವುದು ಅಳತೆಯಲ್ಲಿ. ಯಂತ್ರ ಮಾಡಿದ್ದು ದೊಡ್ಡವರ ಮೈಗೆ. ಮಾಮೂಲಿ ಉಪಕರಣ 8 ಮಿ.ಮೀ. ದಪ್ಪ, ಎಳೆಮಗುವಿನ ಪಕ್ಕೆಲುಬುಗಳ ಮಧ್ಯೆ ಅದು ಸಲೀಸಾಗಿ ತೂರುವುದಿಲ್ಲ. 5 ಮಿ.ಮೀ.ದೂ ಬಂತು, ಆದರೆ ಅದರ ಮಣಿಕಟ್ಟು ಬಾಗಲು ಒಳಗೆ ಇನ್ನೂ ಜಾಸ್ತಿ ಜಾಗ ಬೇಕು. ಹೊರಗೆ ಯಂತ್ರದ ತೋಳುಗಳು, ಇಕ್ಕಟ್ಟಿನ ಅಡುಗೆಮನೆಯಲ್ಲಿ ಮದುವೆ ಅಡಿಗೆಗೆ ನಿಂತವರ ಹಾಗೆ, ಒಂದಕ್ಕೊಂದು ತಾಗುತ್ತವೆ. ಆಪರೇಷನ್ ಮಾಡುವ ಕಡೆಯ ಶ್ವಾಸಕೋಶವನ್ನು ಬಾಡಿಸಿ, ಇನ್ನೊಂದರಲ್ಲಷ್ಟೇ ಉಸಿರಾಡಿಸಬೇಕು. ಅದಕ್ಕೆ ಬೇಕಾದ ಎರಡು ಕೊಳವೆಯ ಟ್ಯೂಬ್ ಹೊಂದುವುದು ಸುಮಾರು 8 ವರ್ಷ ದಾಟಿದವರಿಗೆ. ಚಿಕ್ಕವರಿಗೆ ಅರಿವಳಿಕೆ ತಜ್ಞರು ಬೇರೆ ಉಪಾಯ ಮಾಡಬೇಕು. ಡಾಕ್ಟ್ರಿಗೆ ಮುಟ್ಟಿ ತಿಳಿಯುವ ಅನುಭವವೂ ಬಹುಕಾಲ ಇರಲಿಲ್ಲ. ಎಳೆತದ ಬಲ ಕೈಗೆ ಗೊತ್ತಾಗುವ ಡಾವಿಂಚಿ 5 ಎಂಬ ಮಾದರಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ.

ಇಷ್ಟಕ್ಕೂ ಮಗುವಿನ ಶ್ವಾಸಕೋಶ ಅಷ್ಟು ಕೆಡುವುದು ಯಾಕೆ? ಹುಟ್ಟಿನಿಂದ ಬಂದ ದೋಷ ಕೆಲವರಿಗೆ. ಉಳಿದವರಿಗೆ ದಡಾರ, ನಾಯಿಕೆಮ್ಮು, ಕ್ಷಯ, ಪದೇ ಪದೇ ನ್ಯುಮೋನಿಯಾ. ಇವುಗಳಲ್ಲಿ ಕೆಲವನ್ನು ಲಸಿಕೆಯಿಂದ ತಡೆಯಬಹುದು: ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದದ್ದು 2017ರಲ್ಲಿ, ಒಂದು ಬಗೆಯ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ ದೇಶದ ಎಲ್ಲ ಕಡೆ ಉಚಿತವಾಗಿ ಸಿಕ್ಕಿದ್ದು 2021ರಿಂದ.

ನಮ್ಮ ಕಡೆ ಇನ್ನೊಂದಿದೆ. ಸುಗ್ಗಿಯಲ್ಲಿ ಜಗಲಿ ತುಂಬ ಅಡಿಕೆ, ದೊಡ್ಡವರೆಲ್ಲ ಸುಲಿಯುತ್ತಾ ಮಾತಿನಲ್ಲಿರುತ್ತಾರೆ, ಪುಟ್ಟ ಮಗು ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತದೆ. ನಗುವಾಗಲೋ ಅಳುವಾಗಲೋ ಅದು ಉಸಿರಿನ ಜೊತೆ ಒಳಗೆ ಹೋದರೆ ಒಂದಷ್ಟು ಹೊತ್ತು ಜೋರು ಕೆಮ್ಮು, ಆಮೇಲೆ ಎಲ್ಲ ಸರಿಯಾದಂತೆ ಕಾಣುತ್ತದೆ. ಅಡಿಕೆ, ಕಡಲೆಬೀಜ ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದಿಲ್ಲ. ಬೇಗ ಗೊತ್ತಾದರೆ ಬ್ರಾಂಕೋಸ್ಕೋಪ್‌ನಿಂದ, ಅಂದರೆ ಉಸಿರಿನ ಕೊಳವೆಯೊಳಗೆ ಇಳಿಸಿ ನೋಡುವ ನಳಿಗೆಯಿಂದ ತೆಗೆಯಬಹುದು, 1897ರಲ್ಲೇ ಜರ್ಮನಿಯ ಕಿಲಿಯನ್ ಹೀಗೆ ಮೂಳೆಚೂರೊಂದನ್ನು ತೆಗೆದಿದ್ದರು. ತಿಂಗಳುಗಟ್ಟಲೆ ಬಿಟ್ಟರೆ ಅದರ ಕೆಳಗಿನ ಭಾಗವೇ ಕೊಳೆಯುತ್ತದೆ.

ಹಾಗಾಗಿ ಬೆಂಗಳೂರಿಗೆ ಹೋದವರು ಯಂತ್ರದ ಬಗ್ಗೆ ಕೇಳುವ ಮೊದಲು ಬೇರೆ ಕೆಲವು ಕೇಳಲಿ. ಔಷಧಿ, ಕಫ ಇಳಿಸುವ ಫಿಸಿಯೋಥೆರಪಿ ಎರಡನ್ನೂ ಸರಿಯಾಗಿ ಮಾಡಿ ನೋಡಿದ್ದಾಯಿತೇ? ಕಾಯಿಲೆ ಒಂದೇ ಭಾಗದಲ್ಲಿದೆಯೇ, ಎರಡೂ ಕಡೆ ಹರಡಿದೆಯೇ? ಈ ವಯಸ್ಸಿನ, ಇಷ್ಟೇ ತೂಕದ ಎಷ್ಟು ಮಕ್ಕಳಿಗೆ ಇಲ್ಲಿ ಈ ಆಪರೇಷನ್ ಆಗಿದೆ? ನಡುವೆ ತೊಂದರೆಯಾದರೆ ಎದೆ ತೆರೆದು ಮುಗಿಸುವವರು ಅಲ್ಲೇ ಇರುತ್ತಾರೆಯೇ?