ಆಪಲ್ ಪೈ ಮಾಡೋಕೆ ಯಾವ ಸೇಬು ತರಬೇಕು?

ಮಂಡ್ಯದ ಓದುಗರೊಬ್ಬರ ಪ್ರಶ್ನೆ: “ಪೈ ಮಾಡಿದಾಗಲೆಲ್ಲ ಒಳಗಿನ ಸೇಬು ಕರಗಿ ನೀರು ಬಿಡುತ್ತೆ, ತಳದ ಹಿಟ್ಟು ಬೇಯೋದೇ ಇಲ್ಲ. ನೋಡಿ ನೋಡಿ ಒಳ್ಳೇ ಕೆಂಪು ಸೇಬನ್ನೇ ತರ್ತೀನಿ. ಎಲ್ಲಿ ತಪ್ತಾ ಇದೆ?”

ಆ ಒಳ್ಳೇ ಕೆಂಪು ಸೇಬಿನಲ್ಲೇ. ನಮ್ಮ ಕಡೆ ತಳ್ಳುಗಾಡಿಯಲ್ಲಿ ಸಿಗುವ ಕಡುಗೆಂಪು ಸೇಬು ಹೆಚ್ಚಾಗಿ ಡೆಲಿಷಿಯಸ್ ಜಾತಿಯದು. 1916ರ ಸುಮಾರಿಗೆ ಸ್ಯಾಮ್ಯುಯೆಲ್ ಸ್ಟೋಕ್ಸ್ ಅನ್ನುವ ಅಮೆರಿಕದವರು ಶಿಮ್ಲಾ ಹತ್ತಿರದ ಕೋಟ್‌ಗಢದಲ್ಲಿ ಇದನ್ನು ನೆಟ್ಟರು, ಆಮೇಲೆ ಹಿಮಾಚಲದ ತುಂಬಾ ಹಬ್ಬಿತು. ಹಾಗೇ ಕಚ್ಚಿ ತಿನ್ನೋಕೆ ಚೆನ್ನ. ಆದರೆ ಸಿಹಿ ಜಾಸ್ತಿ, ಹುಳಿ ಕಮ್ಮಿ, ಓವನ್ ಶಾಖಕ್ಕೆ ನಿಲ್ಲಲ್ಲ. ಸೀಕರಣೆಗೆ ರಸಪುರಿ ತರ್ತೀವಿ, ಚಿತ್ರಾನ್ನಕ್ಕೆ ಹುಳಿ ಮಾವಿನಕಾಯಿ ಹುಡುಕ್ತೀವಿ, ಅಲ್ವಾ? ಸೇಬಿಗೂ ಅದೇ ಲೆಕ್ಕ.

ಪೈಗೆ ಬೇಕಾದ್ದು ಹುಳಿ ಇರುವ, ಗಟ್ಟಿ ಸೇಬು. ಅಂದರೆ ಅಂಗಡಿಯವರು ‘ಗ್ರೀನ್ ಆಪಲ್’ ಅಂತ ಕೊಡುವ ಗ್ರ್ಯಾನಿ ಸ್ಮಿತ್. ಮೈಸೂರಿನ ದೊಡ್ಡ ಹಣ್ಣಿನಂಗಡಿ, ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುತ್ತದೆ. ಹೊರದೇಶದ ಮಾಲು, ರೇಟು ಸ್ವಲ್ಪ ಜಾಸ್ತಿನೇ. ಸ್ಟಿಕರ್ ಮೇಲೆ 4017 ಇಲ್ಲವೇ 4139 ಅಂತ ಇದ್ದರೆ ಅದು ಗ್ರ್ಯಾನಿ ಸ್ಮಿತ್ತೇ. ಹಣ್ಣಿನ ತಿರುಳನ್ನು ಹಿಡಿದಿಡೋದು ಪೆಕ್ಟಿನ್, ಹುಳಿ ಇದ್ದಾಗ ಅದು ಬಿಸಿಗೆ ಬೇಗ ಕರಗುವುದಿಲ್ಲ. ಅದಕ್ಕೇ ಈ ಸೇಬಿನ ಹೋಳು ಬೆಂದ ಮೇಲೂ ಹೋಳಾಗಿಯೇ ಇರುತ್ತದೆ. ಒಂಬತ್ತು ಇಂಚಿನ ತಟ್ಟೆಗೆ ಒಂದು ಕೆಜಿಗಿಂತ ತುಸು ಜಾಸ್ತಿ ಬೇಕು. ಎಲ್ಲಾ ಹಸಿರೇ ಹಾಕಿದರೆ ನನಗಂತೂ ರುಚಿ ಬರೀ ಹುಳಿ ಅನ್ಸುತ್ತೆ, ಮೂರರಲ್ಲಿ ಒಂದು ಪಾಲು ಕೆಂಪು ಸೇರಿಸಿದರೆ ಘಮ ಚೆನ್ನಾಗಿ ಬರುತ್ತದೆ.

ಹಿಮಾಚಲದ ಮಾಲು ಬರುವ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹಳದಿ ಗೋಲ್ಡನ್ ಡೆಲಿಷಿಯಸ್ ಕಣ್ಣಿಗೆ ಬಿದ್ದರೆ ಬಿಡಬೇಡಿ. ಹೆಸರಲ್ಲಿ ಡೆಲಿಷಿಯಸ್ ಇದ್ದರೂ ಕೆಂಪಿನದಕ್ಕೂ ಇದಕ್ಕೂ ನೆಂಟಸ್ತನವಿಲ್ಲ, ಪೈಗೆ ಚೆನ್ನಾಗಿ ಒಗ್ಗುತ್ತದೆ.

ಯಾವ ಜಾತಿಯಾದರೂ ಕೈಯಲ್ಲಿ ಹಿಡಿದು ನೋಡಿ. ಗಾತ್ರಕ್ಕೆ ತಕ್ಕ ಭಾರ ಇರಬೇಕು. ತೊಟ್ಟಿನ ಸುತ್ತ ಸಿಪ್ಪೆ ಸುಕ್ಕಾಗಿದ್ದರೆ, ಹೆಬ್ಬೆರಳು ಇಟ್ಟಾಗ ಮೆತ್ತಗನಿಸಿದರೆ ಬೇಡ, ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ. ಬೇಸಿಗೆಯಲ್ಲಿ ಸಿಗುವ ನಮ್ಮ ದೇಶದ ಸೇಬು ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜಿನಲ್ಲಿ ಕೂತು ಬಂದದ್ದು, ಹೊರಗೆ ಫಳಫಳ ಅಂದರೂ ಒಳಗೆ ಹಿಟ್ಟುಹಿಟ್ಟಾಗಿರುವ ಸಂಭವ ಜಾಸ್ತಿ.

ಕೆಂಪು ಬಿಟ್ಟು ಬೇರೆ ಸಿಗಲೇ ಇಲ್ಲ ಅಂದ್ರೆ? ಹೋಳು ದಪ್ಪ ಹೆಚ್ಚಿ. ಕುದಿಯುವ ನೀರು ಹುಯ್ದು ಹತ್ತು ನಿಮಿಷ ಮುಚ್ಚಿಟ್ಟು, ಚೆನ್ನಾಗಿ ಬಸಿದು ಆರಿಸಿ. ಈ ಹದ ಬಿಸಿಗೆ ಸೇಬಿನೊಳಗಿನ ಕಿಣ್ವವೊಂದು ಪೆಕ್ಟಿನ್ನನ್ನು ಗಟ್ಟಿ ಮಾಡುತ್ತದೆ, ಆಮೇಲೆ ಓವನ್ನಿನಲ್ಲಿ ಹೋಳು ಅಷ್ಟು ಸುಲಭಕ್ಕೆ ಕುಸಿಯಲ್ಲ. ಎರಡು ಚಮಚ ನಿಂಬೆರಸ ಹಿಂಡಿ, ಸಕ್ಕರೆ ಕಮ್ಮಿ ಮಾಡಿ.

ಇನ್ನು ನೀರಿನ ವಿಷಯ. ಒಳ್ಳೇ ಸೇಬೂ ಸಕ್ಕರೆ ಬಿದ್ದರೆ ನೀರು ಬಿಡುತ್ತದೆ. ಹೋಳಿಗೆ ಸಕ್ಕರೆ, ಚಕ್ಕೆ ಪುಡಿ ಕಲಸಿ ಅರ್ಧ ಗಂಟೆ ಬಿಡಿ. ಬಿಟ್ಟ ರಸವನ್ನು ಬಾಣಲೆಯಲ್ಲಿ ಮಂದವಾಗುವವರೆಗೆ ಕಾಯಿಸಿ ಮತ್ತೆ ಅದಕ್ಕೇ ಸೇರಿಸಿ, ಜೊತೆಗೆ ಎರಡು ಚಮಚ ಕಾರ್ನ್‌ಫ್ಲೋರ್. ತಳ ಒದ್ದೆಯಾಗುವ ಕಾಟ ಬಹುಪಾಲು ಇಲ್ಲಿಗೇ ತಪ್ಪುತ್ತದೆ.

ಮಂಡ್ಯದವರಲ್ವಾ, ಸಕ್ಕರೆ ಬದಲು ಬೆಲ್ಲ ಹಾಕಬಹುದಾ ಅಂತಲೂ ಕೇಳ್ತೀರಿ. ಹಾಕಬಹುದು, ಆದರೆ ಪೂರ್ತಿ ಬೆಲ್ಲವಾದರೆ ಸೇಬಿನ ಘಮ ಅದರಡಿ ಮುಚ್ಚಿಹೋಗುತ್ತೆ. ಅರ್ಧಕ್ಕರ್ಧ ಸಾಕು.